ತಂಗಳಿಗೂ ಒಂದು ಹಬ್ಬವಿರುವ ಊರಿನಿಂದ

ಅಹಮದಾಬಾದಿಗೆ ಬಂದ ಮೊದಲ ವರ್ಷ, ಶ್ರಾವಣ ಬಹುಳದ ಒಂದು ಬೆಳಿಗ್ಗೆ, ಪಕ್ಕದ ಮನೆಯ ಬಾ ಬಾಗಿಲು ಬಡಿದು ನಮ್ಮ ಕೈಗೊಂದು ತಟ್ಟೆ ಕೊಟ್ಟರು. ತಾಯಿಯನ್ನೂ ಅಜ್ಜಿಯನ್ನೂ ಇಲ್ಲಿ ‘ಬಾ’ ಎಂದೇ ಕರೆಯುತ್ತಾರೆ. ತಟ್ಟೆಯಲ್ಲಿ ಥೇಪ್ಲಾ, ಪೂರಿ, ಸಜ್ಜೆ ಹಿಟ್ಟಿನ ವಡೆ, ಪಕ್ಕದಲ್ಲಿ ಒಂದು ಬಟ್ಟಲು ಮೊಸರು. ಎಲ್ಲವೂ ತಣ್ಣಗಿತ್ತು. ಬಿಸಿ ಮಾಡೋಣವೆಂದು ನನ್ನ ಹೆಂಡತಿ ಒಲೆಯ ಕಡೆ ತಿರುಗಿದ್ದೇ ತಡ, ಬಾ ಅವಳ ಕೈ ಹಿಡಿದು ತಡೆದರು. ಅಂದು ಶೀತಳಾ ಸಾತಮ್. ಅದರ ಹಿಂದಿನ ದಿನ ರಾಂಧಣ್ ಛಠ್. ಆ ದಿನವೇ ಅಡುಗೆಯೆಲ್ಲ ಮುಗಿಸಿ, ರಾತ್ರಿ ಒಲೆಯನ್ನು ಆರಿಸಿ ತೊಳೆದು ಪೂಜೆ ಮಾಡುತ್ತಾರೆ. ಸಾತಮ್‌ನಂದು ಒಲೆ ಹಚ್ಚುವಂತಿಲ್ಲ. ಮನೆಮಂದಿಯೆಲ್ಲ ನಿನ್ನೆಯ ಅಡುಗೆಯನ್ನೇ ಉಣ್ಣಬೇಕು, ಬಂದವರಿಗೂ ಅದನ್ನೇ ಕೊಡಬೇಕು. ಮರುದಿನ ಜನ್ಮಾಷ್ಟಮಿ.

ಆ ತಟ್ಟೆಯೆದುರು ಕುಳಿತು ನಾನು ಬಹಳ ಹೊತ್ತು ನಮ್ಮ ಮನೆಯನ್ನು ನೆನೆದೆ. ನಮ್ಮದು ಶಿರಸಿಯ ಹತ್ತಿರ, ಬನವಾಸಿ ರಸ್ತೆಯ ಬದಿಯ ಹಳ್ಳಿ. ಅಲ್ಲಿ ತಂಗಳು ಎಂಬ ಮಾತನ್ನು ನೆಂಟರ ಎದುರು ಯಾರೂ ಆಡುವುದಿಲ್ಲ. ಹಬ್ಬದ ಮರುದಿನ ಯಾರಾದರೂ ಅಂಗಳಕ್ಕೆ ಕಾಲಿಟ್ಟರೆ ಸಾಕು, ಆಯಿ (ತಾಯಿಯನ್ನು ನಾವು ಕರೆಯುವುದು ಹಾಗೆ) ನಿನ್ನೆಯ ಪಾತ್ರೆಗಳನ್ನು ಒಳಗಿನ ಕೋಣೆಗೆ ಸರಿಸಿ ಹೊಸದಾಗಿ ಅನ್ನಕ್ಕಿಡುತ್ತಾಳೆ. ಮಿಕ್ಕಿದ್ದನ್ನು ಉಣ್ಣುವುದು ಮನೆಯವರ ಪಾಲಿನ ಗುಟ್ಟು. ಈ ನಾಚಿಕೆ ನಮಗೆ ಏಕೆ ಬಂತು ಎಂಬುದೇ ಹನ್ನೊಂದು ವರ್ಷಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ. ಏಕೆಂದರೆ ಮಿಕ್ಕಿದ್ದನ್ನು ಸಂಭಾಳಿಸುವ ಜಾಣ್ಮೆಯಲ್ಲಿ ಆಯಿ ಇಲ್ಲಿನ ಯಾವ ‘ಬಾ’ಗೂ ಕಡಿಮೆಯಿಲ್ಲ.

ಚೌತಿಯ ಮರುದಿನದ ಅವಳ ಬೆಳಗನ್ನು ನೋಡಬೇಕು. ಎದ್ದವಳೇ ಪಾತ್ರೆಗಳ ಮುಚ್ಚಳ ತೆಗೆದು ಒಂದೊಂದನ್ನೂ ಮೂಸುತ್ತಾಳೆ. ಹಶಿ, ತಂಬುಳಿಗಳನ್ನು ಹಿಂದಿನ ರಾತ್ರಿಯೇ ಮುಗಿಸಿರುತ್ತಾಳೆ. ಹಸಿ ತೆಂಗಿನಕಾಯಿ ಅರೆದು ಮೊಸರೋ ಮಜ್ಜಿಗೆಯೋ ಬೆರೆಸಿದ್ದು ಕುದಿಸಿದರೆ ಒಡೆಯುತ್ತದೆ, ಇಟ್ಟರೆ ಹಳಸುತ್ತದೆ. “ಹಶಿ ಮೊದಲು ಮುಗಿಸಿ, ಹುಳಿ ನಾಳೆಗೂ ನಿಲ್ಲುತ್ತದೆ” ಎಂದು ಬಡಿಸುವಾಗಲೇ ಎಚ್ಚರಿಸುವುದು ಅವಳ ರೂಢಿ. ಹುಳಿಯನ್ನು ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಒಮ್ಮೆ ಚೆನ್ನಾಗಿ ಮರಳಿಸುತ್ತಾಳೆ. ಎರಡನೆಯ ಕುದಿಗೆ ಅದು ಮಂದವಾಗಿ, ಹೋಳುಗಳಿಗೆ ಉಪ್ಪು ಹುಳಿ ಹಿಡಿದು, ಮೊದಲ ದಿನಕ್ಕಿಂತ ರುಚಿಯಾಗುತ್ತದೆ. ಕೊಟ್ಟೆ ಕಡುಬು ಉಳಿದಿದ್ದರೆ ಹಲಸಿನೆಲೆಯ ಕೊಟ್ಟೆ ಬಿಡಿಸಿ, ಕೈಯಲ್ಲಿ ಪುಡಿ ಮಾಡಿ, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನ ಒಗ್ಗರಣೆಗೆ ಹಾಕುತ್ತಾಳೆ. ಎಲೆಯ ಪರಿಮಳ ಆ ಪುಡಿಯಲ್ಲೂ ಇರುತ್ತದೆ. ಹೋಳಿಗೆ ಮಾಡುವಾಗ ಕಣಕ ಮುಗಿದು ಹೂರಣ ಉಳಿದರೆ ಅದನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಮಗುಚಿ ನೀರಾರಿಸಿ, ಉಂಡೆ ಕಟ್ಟಿ, ದೋಸೆ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾಳೆ. ನಾವು ಮಕ್ಕಳು ಆ ಸುಕ್ಕಿನುಂಡೆಯ ಆಸೆಗೆ ಹೂರಣ ಉಳಿಯಲಿ ಎಂದು ಬೇಡಿಕೊಳ್ಳುತ್ತಿದ್ದೆವು. ಅನ್ನವಂತೂ ಮಜ್ಜಿಗೆ, ಅಪ್ಪೆಮಿಡಿಯ ಜೊತೆ ಬೆಳಗಿನ ಊಟಕ್ಕೆ ಹೋಗುತ್ತದೆ, ಇಲ್ಲವೇ ದೋಸೆಗೆ ರುಬ್ಬುವ ಅಕ್ಕಿಯ ಜೊತೆ ಸೇರುತ್ತದೆ.

ಕುಮಟಾಕ್ಕೆ ಮದುವೆಯಾಗಿ ಹೋದ ಅಕ್ಕನ ಮನೆಯಲ್ಲಿ ಲೆಕ್ಕವೇ ಬೇರೆ. ಕಡಲ ಬದಿಯ ಸೆಕೆಗೆ ಘಟ್ಟದ ಮೇಲೆ ಮರುದಿನದವರೆಗೆ ನಿಲ್ಲುವ ಪದಾರ್ಥ ಅಲ್ಲಿ ಸಂಜೆಗೇ ಕೆಡುತ್ತದೆ. ಹಾಗಾಗಿ ಅವರು ಆರಂಭದಲ್ಲೇ ಜಾಗ್ರತೆ ವಹಿಸುತ್ತಾರೆ. ಪತ್ರೊಡೆಯನ್ನು ಸುರುಳಿಯಾಗಿಯೇ ಬೇಯಿಸಿ ಇಟ್ಟುಕೊಂಡು, ಬೇಕಾದಷ್ಟನ್ನೇ ಕೊಯ್ದು ಬಡಿಸುತ್ತಾರೆ; ಮಿಕ್ಕಿದ ಸುರುಳಿ ಮರುದಿನ ಹೋಳಾಗಿ ಕಾವಲಿಯ ಮೇಲೆ ಎಣ್ಣೆಯಲ್ಲಿ ಗರಿಗರಿಯಾಗುತ್ತದೆ. ನೈವೇದ್ಯದ ಬಾಳೆಹಣ್ಣು ಕಪ್ಪಾದರೆ ಸಕ್ಕರೆ, ಮೊಸರು, ಮೈದಾ ಸೇರಿಸಿ ಕಲಸಿಟ್ಟು ಬನ್ಸ್ ಕರಿಯುತ್ತಾರೆ. ಒಡೆದ ಕಾಯಿಯ ಹೋಳುಗಳು ಭಾದ್ರಪದದ ಮಳೆಯಲ್ಲಿ ಒಣಗುವುದಿಲ್ಲವಾದ್ದರಿಂದ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತವೆ.

ಗುಜರಾತಿನ ಜಾಣ್ಮೆ ಇದಕ್ಕಿಂತ ದೊಡ್ಡದು ಎಂದು ನಾನು ಹೇಳುತ್ತಿಲ್ಲ. ಸಾತಮ್‌ನ ಅಡುಗೆ ಕೆಡದೆ ನಿಲ್ಲುವುದಕ್ಕೆ ಕಾರಣ ಅದರ ಆಯ್ಕೆ: ಎಣ್ಣೆಯಲ್ಲಿ ಕರಿದದ್ದು, ಎಣ್ಣೆ ಹಾಕಿ ಕಾವಲಿಯಲ್ಲಿ ಬೇಯಿಸಿದ್ದು, ನೀರಿನಂಶ ಕಡಿಮೆಯಿರುವುದು. ತೆಂಗಿನಕಾಯಿ ಅರೆದು ಹಾಕುವ ನಮ್ಮ ಅಡುಗೆಗೆ ಆ ಕಟ್ಟಳೆ ಒಗ್ಗುವುದಿಲ್ಲ. ಹಾಗೆ ನೋಡಿದರೆ ನಮ್ಮಲ್ಲೂ ಒಂದು ರಾಂಧಣ್ ಛಠ್ ಇದೆ. ಚೌತಿಗೆ ಮುಂಚೆ ಕೇರಿಯವರೆಲ್ಲ ಒಂದೊಂದು ಮನೆಯಲ್ಲಿ ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುವ ಚಕ್ಕುಲಿ ಕಂಬಳ ಅದೇ. ಆ ಚಕ್ಕುಲಿ ಉಳಿಯಲೆಂದೇ ಮಾಡಿದ್ದು, ಡಬ್ಬದಲ್ಲಿ ವಾರಗಟ್ಟಲೆ ಇರುತ್ತದೆ, ಅದನ್ನು ಯಾರೂ ತಂಗಳು ಎನ್ನುವುದಿಲ್ಲ.

ಇಲ್ಲಿಯವರಿಂದ ಕಲಿಯಬೇಕಾದದ್ದು ಇರುವುದು ಹೆಸರಿಡುವುದರಲ್ಲಿ. ನಿನ್ನೆಯ ರೋಟ್ಲಿಯನ್ನು ಹರಿದು, ಅರಿಸಿನ, ಮೆಣಸಿನಪುಡಿ ಹಾಕಿದ ಹುಳಿಮಜ್ಜಿಗೆಯಲ್ಲಿ ಇಂಗಿನ ಒಗ್ಗರಣೆ ಕೊಟ್ಟು ಬೇಯಿಸುತ್ತಾರೆ; ಅದರ ಹೆಸರು ವಘಾರೇಲಿ ರೋಟ್ಲಿ. ಉಳಿದ ಅನ್ನವನ್ನೋ ಖಿಚಡಿಯನ್ನೋ ಕಡಲೆಹಿಟ್ಟು, ತರಿಯಾದ ಗೋಧಿಹಿಟ್ಟಿನೊಂದಿಗೆ ನಾದಿ, ಮುಷ್ಟಿಯಲ್ಲಿ ಒತ್ತಿ, ಹಬೆಯಲ್ಲಿ ಬೇಯಿಸಿದರೆ ಮುಠಿಯಾ. ಅದನ್ನೇ ಮಜ್ಜಿಗೆಯಲ್ಲಿ ಕುದಿಸಿದರೆ ರಸಿಯಾ ಮುಠಿಯಾ. ಈ ತಿಂಡಿಗಳನ್ನು ತಿನ್ನುವ ಆಸೆಗೆ ಹೊಸದಾಗಿ ಅನ್ನ ಮಾಡಿ ಆರಿಸಿಡುವವರೂ ಇಲ್ಲಿದ್ದಾರೆ! ಆಯಿಯ ಎರಡನೆಯ ದಿನದ ಹುಳಿಗೆ ಮಾತ್ರ ಇಂದಿಗೂ ಹೆಸರಿಲ್ಲ. ಹೆಸರಿಲ್ಲದ್ದನ್ನು ನೆಂಟರಿಗೆ ಬಡಿಸುವುದು ಹೇಗೆ?

ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಮಿಕ್ಕಿದ್ದಕ್ಕೆಲ್ಲ ಕೊನೆಯ ನಿಲುಗಡೆ ಕೊಟ್ಟಿಗೆಯಾಗಿತ್ತು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ, ಉಂಡ ಬಾಳೆಲೆ, ಎಲ್ಲವೂ ಆಕಳಿಗೆ. ಹಾಗಾಗಿ ಬೇಯಿಸುವಾಗ ಕೈ ಹಿಡಿಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಅದರಲ್ಲೂ ಒಂದು ತಪ್ಪಿತ್ತು. ಹಬ್ಬದ ಮರುದಿನ ಬಕೆಟ್ಟುಗಟ್ಟಲೆ ಅನ್ನ, ಹೋಳಿಗೆ ತಿಂದ ಆಕಳಿನ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಹೊಟ್ಟೆಯುಬ್ಬರ ಬರುತ್ತದೆ, ಪ್ರಾಣಕ್ಕೂ ಅಪಾಯ. ನಮ್ಮದೇ ಕೊಟ್ಟಿಗೆಯಲ್ಲಿ ಒಂದು ದೀಪಾವಳಿಯ ಮರುದಿನ ಗಬ್ಬದ ಆಕಳು ಹೀಗೆ ಮಲಗಿದ್ದನ್ನು, ಅಪ್ಪ ರಾತ್ರಿಯಿಡೀ ಅದರ ಪಕ್ಕದಲ್ಲಿ ಕುಳಿತಿದ್ದನ್ನು ನಾನು ಮರೆತಿಲ್ಲ. ಪುಣ್ಯಕ್ಕೆ ಅದು ಉಳಿಯಿತು.

ಈಗ ಕೊಟ್ಟಿಗೆಯಲ್ಲಿ ಬೈಕು ನಿಲ್ಲುತ್ತದೆ. ಅಡುಗೆಯ ಅಳತೆ ಮಾತ್ರ ಆಕಳಿದ್ದ ಕಾಲದ್ದೇ. ಕಳೆದ ವೈಶಾಖದಲ್ಲಿ ನೆಂಟರೊಬ್ಬರ ಮದುವೆಗೆ ಹೋದಾಗ ಸಭಾಭವನದ ಹಿಂದೆ ಹೊಂಡ ತೋಡಿ, ಎಲೆಗೆ ಬಡಿಸದೇ ಉಳಿದ ಅನ್ನವನ್ನು ಅದಕ್ಕೆ ಸುರಿಯುತ್ತಿದ್ದರು. ಅದು ಎಂಜಲಲ್ಲ, ಇನ್ನೂ ಹಬೆಯಾಡುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಇಷ್ಟು ಹೇಳಿದೆನೆಂದು ನಿನ್ನೆಯದನ್ನೆಲ್ಲ ಕಣ್ಣುಮುಚ್ಚಿ ತಿನ್ನಿರಿ ಎನ್ನುವುದಿಲ್ಲ. ಅನ್ನದಲ್ಲಿ ಬೇಯಿಸಿದರೂ ಸಾಯದ ಬೀಜಾಣುಗಳಿರುತ್ತವೆ. ಬೆಚ್ಚಗಿನ ಅಡುಗೆಮನೆಯಲ್ಲಿ ತಾಸುಗಟ್ಟಲೆ ಇಟ್ಟರೆ ಅವು ಬೆಳೆದು ಉಂಟುಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟ ಮುಗಿದ ಕೂಡಲೇ ಅನ್ನವನ್ನು ಅಗಲದ ತಟ್ಟೆಗೆ ಹರವಿ, ಬೇಗ ಆರಿಸಿ, ಫ್ರಿಜ್ಜಿಗೆ ಸೇರಿಸಬೇಕು. ಅದನ್ನು ಮರುದಿನವೇ ತೆಗೆಯಬೇಕು. ಮೂಲೆಯ ಡಬ್ಬದಲ್ಲಿ ವಾರ ಮರೆತು ಆಮೇಲೆ ಎಸೆಯುವುದಕ್ಕೆ ಫ್ರಿಜ್ಜು ಬೇಕಾಗಿಲ್ಲ.

ಕಳೆದ ವರ್ಷ ಚೌತಿಗೆ ಕುಮಟಾದಲ್ಲಿ ರೈಲಿಳಿದು, ಅಕ್ಕನನ್ನೂ ಕರೆದುಕೊಂಡು ದೇವಿಮನೆ ಘಟ್ಟ ಹತ್ತಿ ಮನೆ ಸೇರಿದೆ. ಗಣಪತಿಯನ್ನು ಬಿಟ್ಟು ಬಂದ ಮರುದಿನ ಅಪ್ಪ ಗಣಪತಿಯ ಮೇಲೆ ಕಟ್ಟಿದ್ದ ಹಣ್ಣು, ತರಕಾರಿಗಳ ಫಲಾವಳಿ ಇಳಿಸಿದ. ಹೀರೆ, ಹಾಗಲಗಳು ಪಲ್ಯಕ್ಕೆ ಹೋದವು. ಮೊಗೆಕಾಯಿಯನ್ನು ನಾನು ಕೇಳಿ ತೆಗೆದುಕೊಂಡೆ. ಅದನ್ನು ತುರಿದು, ಹಿಂಡಿ, ಫ್ರಿಜ್ಜಿನಲ್ಲಿದ್ದ ಅನ್ನ, ಕಡಲೆಹಿಟ್ಟು, ಹಸಿಮೆಣಸು, ಶುಂಠಿ ಸೇರಿಸಿ ಬಾ ಕಲಿಸಿದಂತೆ ಮುಷ್ಟಿಯಲ್ಲಿ ಒತ್ತಿದೆ. ಬೆಂದ ಮೇಲೆ ಹೋಳು ಮಾಡಿ ಎಳ್ಳು, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟೆ. ಆಯಿ ಒಂದು ಹೋಳು ಬಾಯಿಗಿಟ್ಟು, ಸ್ವಲ್ಪ ಕಾಯಿತುರಿ ಬೇಕಿತ್ತು ಎಂದು ತಾನೇ ಎದ್ದು ತುರಿದು ಹಾಕಿದಳು.

ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡಮ್ಮ ಬಂದರು. ಆಯಿಯ ಕೈ ಅಭ್ಯಾಸಬಲದಿಂದ ಪಾತ್ರೆಯ ಕಡೆ ಚಾಚಿತು, ಅರ್ಧದಲ್ಲಿ ನಿಂತಿತು. ನಂತರ ಅವಳು ಒಂದು ಬಾಳೆಲೆಯ ತುಂಡಿನಲ್ಲಿ ನಾಲ್ಕು ಹೋಳಿಟ್ಟು ದೊಡ್ಡಮ್ಮನ ಮುಂದೆ ಸರಿಸಿದಳು. “ಇದು ಮುಠಿಯಾ. ನಿನ್ನೆಯ ಅನ್ನದ್ದು” ಎಂದಳು.