ಲೇಕ್ ವ್ಯೂ ಫ್ಲ್ಯಾಟೂ, ತಾಂಬೂಲದ ಚೀಲದ ಕಾಟ್ಲಾ ಮೀನೂ

ನಮ್ ಅಪಾರ್ಟ್‌ಮೆಂಟ್ ಬ್ರೋಷರಲ್ಲಿ "ಲೇಕ್ ವ್ಯೂ" ಅಂತ ದಪ್ಪಕ್ಷರದಲ್ಲಿ ಹಾಕಿದ್ರು, ಸ್ಕ್ವೇರ್ ಫೀಟಿಗೆ ಅದಕ್ಕಂತಲೇ ಸ್ವಲ್ಪ ಜಾಸ್ತೀನೂ ಇಸ್ಕೊಂಡ್ರು. ವ್ಯೂ ಇಲ್ಲ ಅಂತೇನಿಲ್ಲ, ಇದೆ. ಟೆರೇಸಿಗೆ ಹೋಗಿ, ಓವರ್‌ಹೆಡ್ ಟ್ಯಾಂಕಿನ ಏಣಿ ಹತ್ತಿ, ಬಲಗಡೆ ಕತ್ತು ಹೊರಳಿಸಿದ್ರೆ ಜಕ್ಕೂರು ಕೆರೆ ಒಂದು ತುಂಡು ಕಾಣುತ್ತೆ. ಬಾಲ್ಕನಿಯಿಂದ ಕಾಣೋದು ಎದುರು ಬಿಲ್ಡಿಂಗಿನ ಸೋಲಾರ್ ಹೀಟರು. ಕೆರೆ ನಮಗೆ ಕಾಣದೇ ಇದ್ರೂ ಕೆರೆಯ ಸೊಳ್ಳೆಗೆ ನಾವು ಚೆನ್ನಾಗೇ ಕಾಣ್ತೀವಿ, ಸಂಜೆ ಆರಾಗ್ತಿದ್ದಂಗೆ ಇಡೀ ಬಿಲ್ಡಿಂಗು ಧಡಧಡ ಅಂತ ಕಿಟಕಿ ಮುಚ್ಕೊಳ್ಳುತ್ತೆ, ಲೇಕ್ ವ್ಯೂಗೆ ಎಕ್ಸ್‌ಟ್ರಾ ದುಡ್ಡು ಕೊಟ್ಟೋರು ಎಲ್ರಿಗಿಂತ ಮೊದ್ಲು ಮುಚ್ತಾರೆ.

ಹಾಗಂತ ನಮ್ ಕೆರೆ ಬಗ್ಗೆ ಬೇರೆಯವ್ರು ಮಾತಾಡಿದ್ರೆ ನಾವು ಸುಮ್ನಿರಲ್ಲ. ಬೆಳ್ಳಂದೂರು ಕಡೆ ಇರೋ ಫ್ರೆಂಡ್ ಒಬ್ಬ ಬಂದಾಗೆಲ್ಲ "ಏನೋ, ನಿಮ್ ಕೆರೇಲಿ ನೀರೇ ಇದೆಯಲ್ಲೋ" ಅಂತ ಹೊಟ್ಟೆ ಉರ್ಕೋತಾನೆ. ಪಾಪ ಅವನದೂ ನ್ಯಾಯವೇ, 2015ರಲ್ಲಿ ಅಲ್ಲಿ ಕೆರೆ ನೊರೆ ಎದ್ದು ರೋಡಿಗೆ ಹಾರಿ ಬೈಕಲ್ಲಿ ಹೋಗೋರ ಮೈಮೇಲೆಲ್ಲ ಕೂತಿತ್ತು, 2018ರ ಜನವರೀಲಿ ಕೆರೆಗೇ ಬೆಂಕಿ ಬಿದ್ದು ಆರಿಸೋಕೆ ಮಿಲಿಟರಿ ಬಂತು. ನೀರಿಗೆ ಬೆಂಕಿ ಹಚ್ಚಿ ತೋರಿಸಿದ ಊರು ನಮ್ದು. ಜಕ್ಕೂರಿನ ಕಥೆ ಸ್ವಲ್ಪ ಬೇರೆ. 160 ಎಕರೆ ಹತ್ತಿರದ ಕೆರೆ, ತಲೆಗಡೆ ಒಂದು ಕೊಳಚೆ ನೀರು ಶುದ್ಧೀಕರಣ ಘಟಕ, ಶುರುವಾದಾಗಲೇ ದಿನಕ್ಕೆ 1 ಕೋಟಿ ಲೀಟರ್ ತಡ್ಕೊಳ್ಳೋವಂಥದ್ದು, ಅಲ್ಲಿಂದ ಬಿಟ್ಟ ನೀರು ಜೊಂಡು ಬೆಳೆದ ಜೌಗಲ್ಲಿ ನಿಧಾನಕ್ಕೆ ಸುತ್ತಾಡ್ಕೊಂಡು ಇನ್ನೂ ಸ್ವಲ್ಪ ತಿಳಿಯಾಗಿ ಕೆರೆಗಿಳಿಯುತ್ತೆ. ಅಂದ್ರೆ ಬೆಳಿಗ್ಗೆ ನಾವೇ ಫ್ಲಶ್ ಮಾಡಿ ಕಳ್ಸಿದ್ದರ ದಡದಲ್ಲಿ ನಾವೇ ಹೋಗಿ ನಿಂತ್ಕೊಂಡು, ಆಹಾ ಏನ್ ನೇಚರ್ರು ಅಂತ ಸೆಲ್ಫಿ ತಗೋತೀವಿ. ಇದನ್ನ ನಾನು ಒಂದ್ಸಲ ವಾಕಿಂಗ್ ಗ್ಯಾಂಗಲ್ಲಿ ಹೇಳ್ದೆ, ಅವತ್ತಿಂದ ನನ್ ಜೊತೆ ವಾಕಿಂಗ್ ಬರೋರು ಕಮ್ಮಿಯಾದ್ರು.

ಏರಿ ಮೇಲಿನ ವಾಕಿಂಗೂ ಅಂಥ ಆರಾಮಿನ ವಿಷಯ ಏನಲ್ಲ. ಭಾನುವಾರ ಬೆಳಿಗ್ಗೆ ಮಿಲಿಟರಿ ಬಣ್ಣದ ಪ್ಯಾಂಟು ಹಾಕ್ಕೊಂಡು, ಮೊಳದುದ್ದ ಲೆನ್ಸ್ ಹಿಡ್ಕೊಂಡು ಫೋಟೋಗ್ರಾಫರ್‌ಗಳು ಕೂತಿರ್ತಾರೆ, ನಾವು ನಮ್ ಪಾಡಿಗೆ ಕೈ ಬೀಸ್ಕೊಂಡು ಹೋಗ್ತಿದ್ರೆ "ಸರ್, ಸ್ವಲ್ಪ ಬಗ್ಗಿ ಹೋಗ್ತೀರಾ, ಬಕ ಕೂತಿದೆ" ಅಂತಾರೆ. ಈ ಸೊಂಟದಲ್ಲಿ ಬಗ್ಗಿದ್ರೆ ಮತ್ತೆ ಏಳೋದು ಯಾವಾಗ? ಮೇಲ್ಗಡೆ ಹದ್ದುಗಳದ್ದು ಬೇರೆ ಕಾಟ. ನಮ್ಮ ಆಫೀಸಿನ ಹುಡುಗ ಒಬ್ಬ ಬೇಕರಿಯಿಂದ ಬಿಸಿಬಿಸಿ ಎಗ್ ಪಫ್ಸ್ ತಗೊಂಡು ಗೇಟ್ ಹತ್ರ ನಿಂತು ಪೇಪರ್ ಬಿಡಿಸಿದ್ನೋ ಇಲ್ವೋ, ಸೊಂಯ್ ಅಂತ ಬಂದಿದ್ದು ಪಫ್ಸ್ ಸಮೇತ ಹೋಯ್ತು. ಕೈಯಲ್ಲಿ ಪೇಪರ್ ಉಳೀತು, ಪೇಪರಲ್ಲಿ ಸಾಸು. ಪಕ್ಕದಲ್ಲಿದ್ದ ಫೋಟೋಗ್ರಾಫರು "ಛೇ, ಮಿಸ್ ಆಯ್ತಲ್ಲ, ಇನ್ನೊಂದ್ ತರ್ತೀರಾ" ಅಂದ.

ಮಕ್ಕಳಿಗೆ ಹಕ್ಕಿ ಬೇಡ, ಬೋಟ್ ಬೇಕು. ನಮ್ ಕೆರೇಲಿ ಆ ವ್ಯವಸ್ಥೆ ಇಲ್ಲ ಅಂತ ಸಿಟಿ ಒಳಗಿನ ಇನ್ನೊಂದು ಕೆರೆಗೆ ಕರ್ಕೊಂಡು ಹೋದ್ವಿ. ಪೆಡಲ್ ಬೋಟು. ನಾನು ಒಂದ್ಕಡೆ ತುಳೀತಾ ಇದ್ದೀನಿ, ಇನ್ನೊಂದು ಪೆಡಲ್ ಮೇಲೆ ಕಾಲಿಟ್ಟಿರೋ ನನ್ ಭಾಮೈದ ರೀಲ್ಸ್ ಮಾಡ್ತಾ ಇದ್ದಾನೆ, ಬೋಟು ಗಾಣದ ಎತ್ತಿನ ಥರ ಅಲ್ಲೇ ಸುತ್ತು ಹೊಡೀತಾ ಇದೆ. ಕೊನೆಗೆ ಹೋಗಿ ಅಂತರಗಂಗೆ ಮಧ್ಯ ಸಿಕ್ಕಾಕ್ಕೊಂಡ್ವಿ. ಲೈಫ್ ಜಾಕೆಟ್ಟಿನ ವಾಸನೆಗೆ ತಲೆ ಸುತ್ತಿ ನನ್ ಹೆಂಡ್ತಿ "ರೀ, ಇದನ್ನ ಬಿಚ್ಚಾಕ್ಲಾ, ಮುಳುಗಿದ್ರೂ ಪರವಾಗಿಲ್ಲ" ಅಂತ ಕೇಳ್ತಿದ್ಲು. ಆಮೇಲೆ ಮೋಟರ್ ಬೋಟ್‌ನೋನು ಬಂದು ಹಗ್ಗ ಕಟ್ಟಿ ಎಳ್ಕೊಂಡು ಹೋದ, ದಡದಲ್ಲಿ ಚುರುಮುರಿ ತಿಂತಿದ್ದ ಜನ ಎಲ್ಲಾ ಎದ್ದು ನಿಂತು ನೋಡಿದ್ರು.

ಇದೆಲ್ಲ ಒಂದ್ ತೂಕ ಆದ್ರೆ ನಮ್ ಮಾವ ಬಂದಿದ್ದೇ ಒಂದ್ ತೂಕ.

ಮಾವಂದು ಮದ್ದೂರು ಕಡೆ ಹಳ್ಳಿ. ಬೆಳಿಗ್ಗೆ ಕೆರೆ ಹತ್ರ ಕರ್ಕೊಂಡು ಹೋದ್ರೆ ಮೊದಲ ಪ್ರಶ್ನೇನೇ "ತೂಬು ಎಲ್ಲೈತೆ ಅಳಿಯಂದ್ರೇ?" ಅಂತ. ನಾನು ಟಾಯ್ಲೆಟ್ ಎಲ್ಲಿದೆ, ಪಾರ್ಕಿಂಗ್ ಎಲ್ಲಿದೆ ಅಂತ ಕೇಳಿದ್ರೆ ಹೇಳ್ತಿದ್ದೆ, ತೂಬು ಎಲ್ಲಿ ಹುಡುಕ್ಲಿ? ಅವರೇ ಏರಿ ಉದ್ದಕ್ಕೂ ಪಂಚೆ ಎತ್ತಿ ಕಟ್ಕೊಂಡು ಓಡಾಡಿ, ಕೋಡಿ ನೋಡಿ, ಇಲ್ಲಿಂದ ನೀರು ಎತ್ಲಾಗ್ ಹೋಯ್ತದೆ ಅಂತ ಕೇಳಿದ್ರು. ಅದು ಗೊತ್ತಿತ್ತು, ಯಲಹಂಕ, ಅಲ್ಲಾಳಸಂದ್ರ ಕಡೆಯಿಂದ ಬಂದಿದ್ದು ಇಲ್ಲಿ ತುಂಬಿ ರಾಚೇನಹಳ್ಳಿ ಕೆರೆಗೆ ಹೋಗುತ್ತೆ ಅಂದೆ. ಮಾವ ಏರಿ ಕೆಳಗಡೆ ಕೈ ತೋರಿಸಿ, ನಮ್ಮ ಅಪಾರ್ಟ್‌ಮೆಂಟನ್ನೇ ನೋಡ್ಕೊಂಡು, "ಹಂಗಾದ್ರೆ ಅದು ಅಚ್ಚುಕಟ್ಟು. ಗದ್ದೆ ಬಯಲಲ್ಲಿ ಮನೆ ತಗೊಂಡಿದ್ದೀರಿ" ಅಂದ್ರು. ಪ್ರತಿ ಮಳೆಗಾಲ ಬೇಸ್‌ಮೆಂಟಿಗೆ ನೀರು ಯಾಕೆ ಬರುತ್ತೆ ಅಂತ ನಮ್ ಅಸೋಸಿಯೇಷನ್ನು ಕನ್ಸಲ್ಟೆಂಟ್ ಕರೆಸಿ, ರಿಪೋರ್ಟ್ ಬರೆಸಿ, ಎರಡು ಪಂಪ್ ಇಡಿಸಿತ್ತು. ಮಾವ ಒಂದ್ ಬೀಡಿ ಹಚ್ಚೋಷ್ಟರಲ್ಲಿ ಹೇಳಿದ್ರು. ಆ ಬೀಡೀನ ಸೆಕ್ಯೂರಿಟಿಯವನು ವಿಷಲ್ ಊದಿ ಆರಿಸಿದ, ಕಾಲು ತೊಳ್ಕೊಳ್ಳೋಣ ಅಂತ ನೀರಿಗಿಳಿದ್ರೆ ಮತ್ತೆ ವಿಷಲ್. "ಕೆರೆ ಇರೋದು ಏನಕ್ಕೆ ಮತ್ತೆ?" ಅಂದ್ರು ಮಾವ. ಸೆಕ್ಯೂರಿಟಿಯವನು ರೂಲ್ಸ್ ಬೋರ್ಡ್ ತೋರಿಸಿದ.

ಮುಂದೆ ಹೋದ್ರೆ ನಮ್ ಫೋಟೋಗ್ರಾಫರ್‌ಗಳು ಉಸಿರು ಬಿಗಿ ಹಿಡ್ದು ಕೂತಿದ್ದಾರೆ, ನೀರಲ್ಲಿ ಹೆಜ್ಜಾರ್ಲೆ. ಮಾವಂಗೆ ಊರವರನ್ನೇ ಕಂಡಷ್ಟು ಖುಷಿ. "ಅಯ್ಯೋ, ಇವು ನಮ್ ಕಡೆ ಹಕ್ಕಿ ಕಣಪ್ಪಾ!" ಅಂತ ಹೊಲದಿಂದ ಹೊಲಕ್ಕೆ ಕೂಗೋ ದನೀಲಿ ಶುರು ಮಾಡಿದ್ರು, ಕೊಕ್ಕರೆ ಬೆಳ್ಳೂರಲ್ಲಿ ಮನೆ ಪಕ್ಕದ ಹುಣಸೆಮರದ ಮೇಲೇ ಗೂಡು ಕಟ್ತವೆ, ಬಾಣಂತನಕ್ಕೆ ಬಂದ ಹೆಣ್ಮಕ್ಕಳ ಥರ ನೋಡ್ಕೋತಾರೆ, ಅದರ ಪಿಕ್ಕೆ ಬಿದ್ದ ಮಣ್ಣು ಗದ್ದೆಗೆ ಹಾಕಿದ್ರೆ ಯಾವ ಯೂರಿಯಾನೂ ಬ್ಯಾಡ ಅಂತ. ಪಿಕ್ಕೆ ವಿಷಯಕ್ಕೆ ಬರೋ ಹೊತ್ತಿಗೆ ಹಕ್ಕಿ ಅರ್ಧ ಕೆರೆ ದಾಟಿತ್ತು. ಫೋಟೋಗ್ರಾಫರ್‌ಗಳು ನನ್ನ ಮುಖ ನೋಡಿದ್ರು, ನಾನು ಜಾಗಿಂಗ್ ಶುರು ಮಾಡ್ದೆ.

ವಾಪಸ್ ಬಂದು ನೋಡ್ತೀನಿ, ಮಾವ ಮೀನು ಹಿಡಿಯೋರ ಜೊತೆ ಕುಕ್ಕರಗಾಲಲ್ಲಿ ಕೂತು ವ್ಯಾಪಾರ ಮಾಡ್ತಿದ್ದಾರೆ. ನಾವು ದಿನಾ ಬರೋ ಜನ ಅವರನ್ನ ಫೋಟೋಗೆ ಚೆನ್ನಾಗಿದೆ ಅಂತ ನೋಡ್ತೀವೇ ಹೊರತು ಮಾತಾಡ್ಸಿದ್ದಿಲ್ಲ, ಮಾವ ಆಗಲೇ ಅವರ ಊರು, ಮಕ್ಕಳು, ಬಲೆ ರೇಟು ಎಲ್ಲಾ ತಿಳ್ಕೊಂಡು ಒಂದು ಕಾಟ್ಲಾ ಆರಿಸಿದ್ರು. ಇನ್ನೂ ಕಿವಿರು ಆಡಿಸ್ತಾ ಇತ್ತು. ಚೀಲ ಎಲ್ಲಿ? ಜೇಬಿಂದ ಮಡಚಿದ ತಾಂಬೂಲದ ಚೀಲ ಬಂತು. ಅವರ ಮಗನ ಮದುವೇದೇ, ಅಂದ್ರೆ ರೀಲ್ಸ್ ಭಾಮೈದಂದು. ಮೇಲೆ ಗಣಪತಿ ಬೇಡ ಅಂತ ಚೀಲ ಒಳಮುಖ ತಿರುಗಿಸಿದ್ರು, ತಲೆ ಕೆಳಗೆ ಹೋಗಿ ಬಾಲ ಮೇಲೆ ಉಳೀತು. ಹೊರೋಕೆ ನನಗೆ ಕೊಟ್ರು.

ಲಿಫ್ಟ್ ತನಕ ಮೀನು ಸುಮ್ನಿತ್ತು. ಬಾಗಿಲು ಮುಚ್ಕೋತಾ ಇದೆ ಅನ್ನೋವಾಗ ಅಸೋಸಿಯೇಷನ್ ಸೆಕ್ರೆಟರಿ ಮೇಡಂ ಬಂದ್ರು, ಕೈಯಲ್ಲಿ ಮಲ್ಲಿಗೆ ಹೂವಿನ ಕವರ್ರು. ನಾನು ಚೀಲ ಬೆನ್ನ ಹಿಂದೆ ಇಟ್ಕೊಂಡೆ. ಮಾವ ನಮಸ್ಕಾರ ಅಂದ್ರು, ಅದೇ ಟೈಮಿಗೆ ಚೀಲ ನನ್ನ ಬೆನ್ನಿಗೆ ಪಟೀರ್ ಅಂತ ಬಾರಿಸ್ತು. ಎರಡನೇ ಏಟಿಗೆ ಹಿಡಿ ಕೈತಪ್ಪಿ ಕಾಟ್ಲಾ ಸೀದಾ ಹೊರಗೆ ಬಂದು, ಲಿಫ್ಟಿನ ಸ್ಟೀಲ್ ಗೋಡೆಗೆ ಒಂದ್ಸಲ ಬಡಿದು, ಮೇಡಂ ಚಪ್ಪಲಿ ಹತ್ರ ಹೋಗಿ ಬಾಯಿ ತೆಗೀತು. ಮೇಡಂ ಬಗ್ಗಿ ನೋಡಿದ್ರು.

"ಎಂತ ಮಾರಾಯ್ರೆ, ಕಾಟ್ಲಾವಾ?"

ಮೇಡಂ ಕುಂದಾಪುರದವರು ಅಂತ ನನಗೆ ಆಗ್ಲೇ ಗೊತ್ತಾಗಿದ್ದು. ಸಿಟ್ಟು ಬಂದಿದ್ದು ಲಿಫ್ಟಿಗೆ ಮೀನು ತಂದಿದ್ದಕ್ಕಲ್ಲ, ಇಂಥ ಮೀನು ತಂದಿದ್ದಕ್ಕೆ. ಬಂಗುಡೆ, ಅಂಜಲ್ ಬಿಟ್ಟು ಕೆರೆ ಮೀನು ತಿನ್ನೋದುಂಟಾ, ಮಣ್ಣಿನ ವಾಸನೆ ಅಲ್ವಾ, ತಂದಾಗಿದೆ ಇನ್ನೆಂತ ಮಾಡೋದು, ಉಪ್ಪು ಅರಿಶಿನ ಹುಣಸೆಹುಳಿ ಚೆನ್ನಾಗಿ ತಿಕ್ಕಿ ತೊಳೀರಿ, ಅಂತ ಹೇಳ್ತಾ ಇರೋವಾಗ ಮಾವ ನಿಮ್ ಸಮುದ್ರದ ಮೀನು ಬರೀ ಐಸು ಅಂತ ಎದುರು ವಾದ ಹೂಡಿದ್ರು. ಇಬ್ರೂ ಮಾತಾಡ್ತಾ ನಮ್ಮ ಫ್ಲೋರು, ಅವರ ಫ್ಲೋರು ಎರಡೂ ದಾಟಿ ಟೆರೇಸ್ ತನಕ ಹೋಗಿ ಬಂದ್ವಿ, ನಾನು ಮಾತ್ರ ನೆಲದ ಮೇಲೆ ಮಂಡಿಯೂರಿ ಜಾರೋ ಮೀನನ್ನ ಮದುವೆ ಚೀಲಕ್ಕೆ ತುಂಬ್ತಾ ಇದ್ದೆ.

ಮಧ್ಯಾಹ್ನ ಅಸೋಸಿಯೇಷನ್ ಗ್ರೂಪಲ್ಲಿ ಮೆಸೇಜ್ ಬಂತು: ಲಿಫ್ಟಿನಲ್ಲಿ ಜೀವಂತ ಮೀನು ತರುವವರು ದಯವಿಟ್ಟು ಮುಚ್ಚಳ ಇರುವ ಬಕೆಟ್ ಬಳಸತಕ್ಕದ್ದು, ಇಂತಿ ಸೆಕ್ರೆಟರಿ. ಎಲ್ಲರೂ ಹೆಬ್ಬೆಟ್ಟು ಹಾಕಿದ್ರು. ಅದಾಗಿ ಸ್ವಲ್ಪ ಹೊತ್ತಿಗೆ ನನಗೆ ಸಪರೇಟಾಗಿ ಇನ್ನೊಂದು ಬಂತು: "ನಿಮ್ಮ ಮಾವ ಇನ್ನು ಯಾವಾಗ ಬರುವುದು? ರೋಹು ಉಂಟಾ ಕೇಳ್ಲಿಕ್ಕೆ ಹೇಳಿ. ರೇಟು ಅವ್ರೇ ಮಾತಾಡ್ಲಿ, ನೀವು ಬೇಡ."