ಹಳೆ ಷೆವ್ರೊಲೆ ಪಿಕಪ್‌ಗೆ ಹೊಸ ಎಂಜಿನ್: ಬೇಕೇ, ಬೇಡವೇ?

ಅಮೆರಿಕದಲ್ಲಿ 1947ರಿಂದ 1955ರವರೆಗೆ ತಯಾರಾದ 'ಅಡ್ವಾನ್ಸ್ ಡಿಸೈನ್' ಸಾಲಿನ ಷೆವ್ರೊಲೆ 3100 ಪಿಕಪ್ ಇವತ್ತಿಗೂ ಎಷ್ಟೋ ಜನರ ಪ್ರೀತಿಯ ಗಾಡಿ. ಉಬ್ಬಿದ ಮಡ್‌ಗಾರ್ಡು, ದುಂಡನೆಯ ಬಾನೆಟ್ಟು. ಅದರ ಮುಂದಿನ ಆಕ್ಸಲ್, ಎಂಜಿನ್ ಎರಡನ್ನೂ ತೆಗೆದು ಈ ಕಾಲದ್ದನ್ನು ಕೂರಿಸುವುದು ಸರಿಯೇ?

ಪರ: ಗಾಡಿ ಇರುವುದು ಓಡಿಸಲಿಕ್ಕೆ

ಈ ಗಾಡಿಯನ್ನು ಒಮ್ಮೆ ಹೈವೇಗೆ ಇಳಿಸಿ ನೋಡಿ, ಆಮೇಲೆ ಮಾತಾಡೋಣ. ಹಳೆಯ 216 ಘನ ಇಂಚಿನ ಆರು ಸಿಲಿಂಡರ್ ಎಂಜಿನ್ನಿಗೆ ಇರುವುದು 90 ಹಾರ್ಸ್‌ಪವರ್. ಹಿಂದಿನ ಆಕ್ಸಲ್ಲಿನ ಗೇರು ಹೊರೆ ಎಳೆಯಲು ಮಾಡಿದ್ದು, ವೇಗಕ್ಕಲ್ಲ. ಗಂಟೆಗೆ 50 ಮೈಲಿ ದಾಟಿದರೆ ಎಂಜಿನ್ ಅರಚುತ್ತದೆ. ಪಕ್ಕದಲ್ಲಿ ಎಲ್ಲರೂ 70ರಲ್ಲಿ ಹೋಗುತ್ತಿರುತ್ತಾರೆ. ಮುಂದೆ ಎತ್ತಿನಗಾಡಿಯ ಅಚ್ಚಿನ ಹಾಗೆ ಆ ಚಕ್ರದಿಂದ ಈ ಚಕ್ರದವರೆಗೆ ಒಂದೇ ತೊಲೆ. ಎಡಚಕ್ರ ಗುಂಡಿಗೆ ಬಿದ್ದರೆ ಬಲಚಕ್ರವೂ ಅಲುಗುತ್ತದೆ.

ಬ್ರೇಕಿನ ವಿಷಯವಂತೂ ಎದೆ ನಡುಗಿಸುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್, ಎಲ್ಲಕ್ಕೂ ಸೇರಿ ಒಂದೇ ಲೈನ್. ಎಲ್ಲಾದರೂ ಪೈಪ್ ಒಡೆದರೆ ಪೆಡಲ್ ಸೀದಾ ನೆಲಕ್ಕೆ. 1949ರಿಂದೀಚಿನ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ ಒಳಗೆ, ಸೀಟಿನ ಬೆನ್ನಿಗೇ. ಅದರ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ನನ್ನಿಂದಾಗದು.

1974ರಿಂದ 78ರವರೆಗೆ ಬಂದ ಫೋರ್ಡ್ ಮಸ್ಟಾಂಗ್ 2 ಕಾರಿನ ಮುಂಭಾಗದ ವಿನ್ಯಾಸ ಹಿಡಿದು ಇಂಥ ಗಾಡಿಗಳಿಗೆಂದೇ ಕಿಟ್ ಮಾರುತ್ತಾರೆ. ಎರಡೂ ಚಕ್ರಕ್ಕೆ ಬೇರೆ ಬೇರೆ ಆರ್ಮ್, ಕಾಯಿಲ್ ಸ್ಪ್ರಿಂಗ್, ರ‍್ಯಾಕ್ ಸ್ಟೇರಿಂಗ್, ಡಿಸ್ಕ್ ಬ್ರೇಕ್. ಎಂಜಿನ್ನಿಗೆ 1999ರ ನಂತರದ ಸಿಲ್ವೆರಾಡೊ ಪಿಕಪ್ಪಿನ 5.3 ಲೀಟರ್ ವಿ8. ಗುಜರಿಯಲ್ಲೂ ಸಿಗುತ್ತದೆ, ಬಿಡಿಭಾಗಕ್ಕೆ ಪರದಾಡಬೇಕಿಲ್ಲ, ಶಕ್ತಿ ಹಳೆಯದರ ಸುಮಾರು ಮೂರು ಪಟ್ಟು. ಹೊರಗಿನ ಚಂದ ಚೂರೂ ಕೆಡುವುದಿಲ್ಲ. ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತಿದ್ದ ಗಾಡಿ ದಿನಾ ರಸ್ತೆಗೆ ಬರುತ್ತದೆ.

ವಿರೋಧ: ಕಟರ್ ಹಿಡಿಯುವ ಮೊದಲು

ಬ್ರೇಕಿನ ಭಯ ನಿಜ. ಆದರೆ ಬ್ರೇಕ್ ಸರಿಮಾಡಲು ಚಾಸಿ, ಅಂದರೆ ಗಾಡಿಯ ಅಡಿಚೌಕಟ್ಟು, ಕೊಯ್ಯಬೇಕಾ? ಹಳೆ ಆಕ್ಸಲ್ಲಿಗೇ ಬೋಲ್ಟ್ ಹಾಕಿ ಕೂರಿಸುವ ಡಿಸ್ಕ್ ಬ್ರೇಕ್ ಸಿಗುತ್ತದೆ. ಹಿಂದೆ ಮುಂದೆ ಬೇರೆ ಬೇರೆ ಲೈನ್ ಇರುವ ಮಾಸ್ಟರ್ ಸಿಲಿಂಡರ್ ಸಿಗುತ್ತದೆ. ಟ್ಯಾಂಕನ್ನು ಹಿಂದಕ್ಕೆ, ಬಾಡಿಯ ಕೆಳಗೆ ಸಾಗಿಸಬಹುದು. ಸವೆದ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಕೀಲು) ಬದಲಾಯಿಸಿ ಗ್ರೀಸ್ ಹೊಡೆದರೆ ಸ್ಟೇರಿಂಗಿನ ಅರ್ಧ ಕಾಯಿಲೆ ವಾಸಿ. ಜಾಸ್ತಿ ಶಕ್ತಿ ಬೇಕೆಂದರೆ ಅದೇ ಮನೆತನದ 235 ಘನ ಇಂಚಿನ ಎಂಜಿನ್ ಇದೆ. ನಾಳೆ ಮನಸ್ಸು ಬದಲಾದರೆ ಇದರಲ್ಲಿ ಬಹುಪಾಲನ್ನು ಬಿಚ್ಚಿ ಇಡಬಹುದು.

ಮಸ್ಟಾಂಗ್ ಕಿಟ್ ಹಾಗಲ್ಲ. ಹಳೆ ರಿವೆಟ್ ಕಡಿದು, ಚಾಸಿಯ ತೆರೆದ ಬದಿಯನ್ನು ಉಕ್ಕಿನ ಪಟ್ಟಿಯಿಂದ ಮುಚ್ಚಿ, ಅಡ್ಡತೊಲೆ ವೆಲ್ಡ್ ಮಾಡಬೇಕು. ಅಳತೆ ಚೂರು ತಪ್ಪಿದರೂ ಚಕ್ರ ಮಡ್‌ಗಾರ್ಡಿನ ನಡುವೆ ಕೂರುವುದಿಲ್ಲ. ವೆಲ್ಡಿಂಗ್ ಕಳಪೆಯಾದರೆ ಸುರಕ್ಷತೆಗೆಂದು ಮಾಡಿದ್ದೇ ಪ್ರಾಣಕ್ಕೆ ಕುತ್ತು. ಎಂಜಿನ್ ಜೊತೆಗೆ ಕಂಪ್ಯೂಟರ್, ಹೊಸ ವೈರಿಂಗ್, ಹೆಚ್ಚು ಒತ್ತಡದ ಪೆಟ್ರೋಲ್ ಪಂಪು ಬರುತ್ತವೆ. 6 ವೋಲ್ಟ್ ಹೋಗಿ 12 ಆಗಬೇಕು. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಹಳೆ ಡ್ರೈವ್‌ಶಾಫ್ಟ್ ಕೊಳವೆಯೊಳಗೆ ಮುಚ್ಚಿರುವಂಥದ್ದು, ಹೊಸ ಗೇರ್‌ಬಾಕ್ಸಿಗೆ ಹೊಂದುವುದಿಲ್ಲ. ಹಾಗಾಗಿ ಹಿಂದಿನ ಆಕ್ಸಲ್ಲೂ ಹೋಗುತ್ತದೆ. ಉಳಿಯುವುದು ಏನು, ತಗಡಲ್ವಾ? ನಮ್ಮ ದೇಶದ 2021ರ ವಿಂಟೇಜ್ ನಿಯಮವೂ 50 ವರ್ಷ ದಾಟಿದ್ದರೆ ಸಾಕು ಅನ್ನುವುದಿಲ್ಲ, ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನುತ್ತದೆ. ಅದು ಸರಿಯಾದ ಮಾತು.

ಹಳೆ 3100ರಲ್ಲಿ ಸ್ಟಾರ್ಟರ್ ಇರುವುದು ಕಾಲಬುಡದಲ್ಲಿ. ಕೀ ತಿರುಗಿಸಿ, ಚೋಕ್ ಎಳೆದು, ಬಲಗಾಲಲ್ಲಿ ಅದನ್ನು ಒತ್ತಬೇಕು. ಮೊದಲು ಇಡೀ ಗಾಡಿ ಅಲುಗುತ್ತದೆ. ಎಂಜಿನ್ ಬಿಸಿಯಾಗುತ್ತಾ ಬಂದಂತೆ ಒಂದೇ ಸಮ ಗುನುಗತೊಡಗುತ್ತದೆ. ಬಾನೆಟ್ ಎತ್ತಿದರೆ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಆರು ಪ್ಲಗ್ಗು, ಎಲ್ಲ ಕೈಗೆಟಕುತ್ತವೆ. ಹತ್ತು ವರ್ಷದ ಮಗಳಿಗೂ ಸ್ಪ್ಯಾನರ್ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬಹುದು. ಹೈವೇಗೆ ಬೇರೆ ಕಾರು ಇದ್ದೇ ಇದೆ. ಇದನ್ನು ಹಳ್ಳಿ ರಸ್ತೆಯಲ್ಲಿ, 45 ಮೈಲಿಯಲ್ಲಿ, ಕಿಟಕಿ ಇಳಿಸಿಕೊಂಡು ಓಡಿಸಿ.