ಚಾಲಕರ ಕೊರತೆ ಇಂಧನದ ಕೊರತೆಯಲ್ಲ

ಲಾರಿ ಚಾಲಕರು ಸಾಲುತ್ತಿಲ್ಲ ಎಂಬ ಸುದ್ದಿಯ ಬೆನ್ನಿಗೇ ಮೊಬೈಲ್‌ಗಳಲ್ಲಿ ಒಂದು ಸಂದೇಶ ಹರಿದಾಡುತ್ತದೆ: ಪೆಟ್ರೋಲ್ ಮುಗಿಯುತ್ತಿದೆ, ಇಂದೇ ತುಂಬಿಸಿಕೊಳ್ಳಿ. ಕಳುಹಿಸುವವರದು ಬಹುಮಟ್ಟಿಗೆ ತಮ್ಮವರ ಮೇಲಿನ ಕಾಳಜಿಯೇ. ಆದರೆ ಮಾಹಿತಿ ತಪ್ಪು.

2021ರ ಸೆಪ್ಟೆಂಬರ್ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಆದದ್ದನ್ನೇ ನೋಡಿ. ತೈಲ ಸಂಸ್ಕರಣಾಗಾರಗಳಲ್ಲಿ ಇಂಧನವಿತ್ತು. ಟ್ಯಾಂಕರ್ ಓಡಿಸುವವರು ಕಡಿಮೆಯಿದ್ದುದರಿಂದ ಮೊದಲಿಗೆ ಕೆಲವೇ ಬಂಕ್‌ಗಳಿಗೆ ಪೂರೈಕೆ ತಡವಾಯಿತು. ಸುದ್ದಿ ಹಬ್ಬಿದ್ದೇ ತಡ, ಅರ್ಧ ಟ್ಯಾಂಕ್ ತುಂಬಿದ್ದ ಕಾರುಗಳೂ ಸಾಲಿನಲ್ಲಿ ನಿಂತವು. ಬಂಕಿನ ನೆಲದಡಿಯ ತೊಟ್ಟಿಗೆ ಎಂದಿನ ಮಾರಾಟದ ಲೆಕ್ಕ ಹಾಕಿ ಇಂಧನ ತುಂಬಿಸುತ್ತಾರೆ. ವಾರವಿಡೀ ಬರಬೇಕಾದ ಗಿರಾಕಿಗಳು ಒಂದೇ ದಿನ ಬಂದರೆ ಅದು ಬರಿದಾಗದೆ ಇನ್ನೇನು? ‘ಪೆಟ್ರೋಲ್ ಇಲ್ಲ’ ಎಂಬ ಫಲಕದ ಚಿತ್ರ ಮತ್ತಷ್ಟು ಜನರನ್ನು ಸಾಲಿಗೆ ಎಳೆಯಿತು. ಅಕ್ಟೋಬರ್ 4ರಿಂದ ಸೇನೆಯ ಚಾಲಕರು ಟ್ಯಾಂಕರ್ ಓಡಿಸಿ ಬಂಕ್‌ಗಳಿಗೆ ಇಂಧನ ತಲುಪಿಸಿದರು.

ಇಂಥ ಸಂದೇಶ ಬಂದರೆ ಮೊದಲು ಅದರಲ್ಲಿ ದಿನಾಂಕ, ಊರು ಇವೆಯೇ ನೋಡಿ. ಹೆಚ್ಚಿನವುಗಳಲ್ಲಿ ‘ಇಂದು’, ‘ನಾಳೆ’ ಎಂದಷ್ಟೇ ಇರುತ್ತದೆ. ಹಾಗಾಗಿಯೇ ಅವು ಹಳತಾಗುವುದಿಲ್ಲ. ಸರದಿ ಸಾಲಿನ ಫೋಟೊವನ್ನು ಚಿತ್ರ ಹುಡುಕುವ ಸೌಲಭ್ಯಕ್ಕೆ ಕೊಟ್ಟರೆ ಅದು ಮೊದಲು ಎಲ್ಲಿ, ಯಾವಾಗ ಪ್ರಕಟವಾಯಿತೆಂಬ ಸುಳಿವು ಸಿಗಬಹುದು. ವಾಹನಗಳ ನಂಬರ್ ಪ್ಲೇಟ್ ನೋಡಿದರೂ ಎಷ್ಟೋ ಸಲ ದೇಶ ಯಾವುದೆಂದು ತಿಳಿದುಬಿಡುತ್ತದೆ. ಕೊನೆಗೆ ಸುದ್ದಿಯಲ್ಲೇ ಹುಡುಕಿ: ಕೊರತೆ ಸಂಗ್ರಹದಲ್ಲೋ, ಸಾಗಣೆಯಲ್ಲೋ?

ಬಾಟಲಿಗಳಲ್ಲಿ ಪೆಟ್ರೋಲ್ ತುಂಬಿಸಿ ಮನೆಯಲ್ಲಿಡುವ ಸಲಹೆಯನ್ನಂತೂ ಕೇಳಲೇಬೇಡಿ. ಅದರ ಆವಿಗೆ ಒಂದು ಕಿಡಿ ಸಾಕು.